ಗಂಡನಿಗೆ ಪಾಸಿಟಿವ್, ಹೆಂಡತಿಗೆ ಗೊತ್ತಿಲ್ಲ. ನೀವಾಗಿದ್ದರೆ ಏನು ಮಾಡ್ತಿದ್ರಿ?

ಹೊಸ ಸ್ಟಾಫ್ ನರ್ಸ್, ತುಮಕೂರು: ಹರ್ನಿಯಾ ಆಪರೇಷನ್‌ಗೆ ಬಂದವರಿಗೆ ಎಚ್‌ಐವಿ ಪಾಸಿಟಿವ್ ಬಂದಿದೆ. ಹೆಂಡತಿಗೆ ಹೇಳಲೇಬೇಡಿ ಅಂತಾರೆ. ಆಕೆ ದಿನಾ ಬಂದು "ಸಿಸ್ಟರ್, ರಕ್ತದ ರಿಪೋರ್ಟ್ ಏನಾಯ್ತು?" ಅಂತ ಕೇಳುತ್ತಾರೆ. ಅನುಭವ ಇದ್ದವರು ಹೇಳಿ.

ಹಿರಿಯ ಸಿಸ್ಟರ್, ಹಾವೇರಿ: ನನ್ನ ವಾರ್ಡಿನಲ್ಲೂ ಹೀಗೇ ಆಗಿತ್ತು, ನಾನು ಹೆಂಡತಿಗೆ ಹೇಳಿದ್ದೆ. ಆಕೆ ಬಸುರಿ, ಸುಮ್ನೆ ಇರೋದು ಹೇಗೆ? ಮೆಮೋ ಬಂತು. ವಕೀಲರಿಗೆ 8,000, ಟೈಪಿಂಗ್, ನೋಟರಿ ಬೇರೆ. ಒಂದು ಇನ್‌ಕ್ರಿಮೆಂಟ್ ಕಟ್. ಅದರ ಏಟು ಪೆನ್ಷನ್‌ವರೆಗೂ ಇರುತ್ತದೆ. ಆದರೆ ಆಕೆಗೆ ಬೇಗ ಮಾತ್ರೆ ಶುರುವಾಯಿತು, ಮಗುವಿಗೆ ನೆಗೆಟಿವ್. 1998ರಲ್ಲೇ ಸುಪ್ರೀಂ ಕೋರ್ಟ್ ಮದುವೆಯಾಗುವ ಹುಡುಗಿಗೆ ತಿಳಿಯುವ ಹಕ್ಕಿದೆ ಅಂದಿದೆ.

ಕೌನ್ಸೆಲರ್ ಬ್ರದರ್, ಮಂಗಳೂರು: ಮೇಡಂ, 2017ರ ಎಚ್‌ಐವಿ ಕಾಯ್ದೆ ಬಂದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೆಕ್ಷನ್ 9 ಓದಿ. ಸಂಗಾತಿಗೆ ಹೇಳಬಹುದಾದವರು ಡಾಕ್ಟರ್ ಅಥವಾ ಕೌನ್ಸೆಲರ್ ಮಾತ್ರ, ನರ್ಸ್ ಅಲ್ಲ. ಅದೂ ರೋಗಿಗೆ ನೀವೇ ಹೇಳಿ ಅಂತ ಬುದ್ಧಿ ಹೇಳಿ, ಅವರು ಹೇಳೋದಿಲ್ಲ ಅಂತ ಖಾತ್ರಿಯಾದ ಮೇಲೆ, ನಾವೇ ಹೇಳುತ್ತೇವೆ ಅಂತ ಅವರಿಗೂ ತಿಳಿಸಿ. ನನ್ನ ಹತ್ತಿರ ಬರುತ್ತಿದ್ದ ಹೆಂಗಸಿನ ವಿಷಯ ವಾರ್ಡಿನಿಂದ ಅತ್ತೆಯ ಕಿವಿಗೆ ಬಿತ್ತು. ರಾತ್ರೋರಾತ್ರಿ ಮನೆಯಿಂದ ಹೊರಗೆ. ರೂಮಿಗೆ 5,000 ಅಡ್ವಾನ್ಸ್ ಕೊಟ್ಟಿದ್ದು ನಾನು, ಅದಿನ್ನೂ ವಾಪಸ್ ಬಂದಿಲ್ಲ. ಹೇಳಿದ ಸಿಸ್ಟರ್‌ಗೂ "ಸರಿ ಮಾಡಿದೆ" ಅಂತಲೇ ಇತ್ತು.

ಹಿರಿಯ ಸಿಸ್ಟರ್: ನನ್ನನ್ನು ಚಾಡಿಕೋರಳು ಅಂತಿದ್ದೀರಾ? ನೀವು ಬಾಗಿಲು ಹಾಕಿಕೊಂಡು ಕೌನ್ಸೆಲಿಂಗ್ ಮಾಡಿ ಐದಕ್ಕೆ ಮನೆಗೆ ಹೋಗುತ್ತೀರಿ. ರಾತ್ರಿ ಬೆಡ್ ಪಕ್ಕ ಹೆಂಡತಿ ಮುಖ ನೋಡೋರು ನಾವು.

ಐಸಿಯು ನರ್ಸ್, ಬೆಂಗಳೂರು: ಹೆಂಡತಿ ಕೇಳಿದರೆ "ಡಾಕ್ಟರನ್ನು ಕೇಳಿ" ಅನ್ನಿ, ಮುಗೀತು. ಎಚ್‌ಐವಿ ಅಂತ ಗುರುತಿಗೆ ಫೈಲ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸೋದು ಮೊದಲು ನಿಲ್ಲಿಸಿ. ಕ್ಯಾಂಟೀನ್ ಹುಡುಗನಿಗೂ ಅದರ ಅರ್ಥ ಗೊತ್ತು!

ಹಿರಿಯ ಸಿಸ್ಟರ್: ಸ್ಟಿಕ್ಕರ್ ಇಲ್ಲದೆ ಸೂಜಿ ಚುಚ್ಚಿಕೊಂಡರೆ? ಸೋಂಕು ತಗುಲದಂತೆ ಕೊಡುವ ಮಾತ್ರೆ, 28 ದಿನದ ಪಿಇಪಿ ಕೋರ್ಸ್ ನಾನು ನುಂಗಿದ್ದೇನೆ. ಅನ್ನದ ವಾಸನೆಗೇ ವಾಕರಿಕೆ. ರಜೆ ಕೊಡಲಿಲ್ಲ.

ಐಸಿಯು ನರ್ಸ್: ಪ್ರತಿ ರೋಗಿಗೂ ಗ್ಲೌಸ್ ಹಾಕಬೇಕು ಅಕ್ಕ, ಸ್ಟಿಕ್ಕರ್ ನೋಡಿ ಅಲ್ಲ. ಪಾಸಿಟಿವ್ ಇದ್ದೂ ಟೆಸ್ಟ್ ಆಗದವರಿಗೆ ಯಾವ ಸ್ಟಿಕ್ಕರ್ ಅಂಟಿಸ್ತೀರಿ?

ಹಿರಿಯ ಸಿಸ್ಟರ್: ನಿಮ್ಮದು ಕಾರ್ಪೊರೇಟ್ ಆಸ್ಪತ್ರೆ ಅಲ್ವಾ? ಇಲ್ಲಿ ನನ್ನ ಸೈಜಿನ ಗ್ಲೌಸ್ ಇಂಡೆಂಟ್ ಹಾಕಿದರೂ ಬರೋದಿಲ್ಲ. ಬಂದು ಒಂದು ನೈಟ್ ಡ್ಯೂಟಿ ಮಾಡಿ, ಆಮೇಲೆ ಮಾತಾಡಿ.