ನಲ್ಲಿ ನೀರಿಗೆ ಚರಂಡಿ ವಾಸನೆ: ಆರ್‌ಒ ತಗೊಳ್ಳೋದೊಂದೇ ದಾರಿನಾ?

ಬೇವಿನಮರ:

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಪಟ್ಟಣ. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಬೆಳಗಿನ ಜಾವ ಐದೂವರೆಗೆ, ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಹೇಮಾವತಿ ಚಾನಲ್‌ನಿಂದ ತುಂಬಿದ ಕೆರೆಯ ನೀರು. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದ ಹಾಗೆ ಬೋರ್‌ವೆಲ್ ನೀರು ಬೆರೆಸುತ್ತಾರೆ.

ಎರಡು ತಿಂಗಳಿಂದ ಮೊದಲು ಬರುವ ನೀರು ಸರಿಯಿಲ್ಲ. ಹೋದ ಸರದಿಯಲ್ಲಿ ಬಿಳಿ ಬಕೆಟ್‌ಗೆ ಹಿಡಿದು ನೋಡಿದೆ. ಮೊದಲನೇ ಬಕೆಟ್ ಅಕ್ಕಿ ತೊಳೆದ ನೀರಿಗೆ ಚೂರು ಟೀ ಸುರಿದ ಹಾಗೆ ಇತ್ತು, ಮೂಗಿನ ಹತ್ತಿರ ತಂದರೆ ಚರಂಡಿ ವಾಸನೆ. ಎರಡನೆಯದರಲ್ಲಿ ವಾಸನೆ ಕಮ್ಮಿ. ಮೂರನೆಯದರಲ್ಲಿ ತಳ ಚೆನ್ನಾಗಿ ಕಾಣುತ್ತಿತ್ತು. ನಾವು ಇಷ್ಟು ವರ್ಷ ಆ ತಿಳಿ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದವರು. ಕಳೆದ ತಿಂಗಳು ನನ್ನ ಏಳು ವರ್ಷದ ಮಗಳಿಗೆ ಜಾಂಡೀಸ್ ಆಯಿತು, ಕಣ್ಣೆಲ್ಲ ಅರಿಶಿನ ಬಣ್ಣ, ಹದಿನೈದು ದಿನ ಗಂಜಿಯೂ ಸರಿಯಾಗಿ ಸೇರಲಿಲ್ಲ. ನಮ್ಮ ಬೀದಿಯಲ್ಲೇ ಇನ್ನಿಬ್ಬರು ಮಕ್ಕಳಿಗೂ ಬಂದಿದೆ. ನೀರಿನಿಂದಲೇ ಬಂದಿರಬಹುದು ಅಂದರು ಡಾಕ್ಟರು.

ಮೊನ್ನೆ ಆರ್‌ಒ (ನೀರು ಶುದ್ಧ ಮಾಡುವ ಮಶೀನು) ಮಾರುವವರೊಬ್ಬರು ಮನೆಗೆ ಬಂದಿದ್ದರು. ಎರಡು ಲೋಟ ಇಟ್ಟರು, ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರು ತಂದ ಆರ್‌ಒ ನೀರು. ಕಡ್ಡಿಗಳಿರುವ ಒಂದು ಯಂತ್ರವನ್ನು ಎರಡಕ್ಕೂ ಅದ್ದಿ ಸ್ವಿಚ್ ಹಾಕಿದರು. ಎರಡೇ ನಿಮಿಷಕ್ಕೆ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಿನ ಹಾಗೆ ತೇಲತೊಡಗಿತು. ಅವರದು ಹಾಗೇ ತಿಳಿಯಾಗಿತ್ತು. ನೋಡಿ ಕೈಕಾಲು ನಡುಗಿತು. ಟಿಡಿಎಸ್ 680 ಇದೆಯಂತೆ, ಇದು ವಿಷ ಅಂದರು. ಮಶೀನಿಗೆ 17,500 ಹೇಳಿದ್ದಾರೆ. ನಮ್ಮ ಪಾಲಿಗೆ ದೊಡ್ಡ ದುಡ್ಡೇ, ಆದರೆ ಮಗು ಮುಖ ನೋಡಿದರೆ ಬೇಡ ಅನ್ನಲು ಮನಸ್ಸಾಗುತ್ತಿಲ್ಲ. ತಿಳಿದವರು ಹೇಳಿ, ತಗೊಳ್ಳಲಾ?

ಹಳೇಲ್ಯಾಬ್:

ಅಕ್ಕ, ಮೊದಲು ಮಗು ಹುಷಾರಾಗಲಿ. ಇವತ್ತಿನಿಂದಲೇ ಕುಡಿಯುವ ನೀರು ಕುದಿಸಿ. ಬಿಸಿಯಾದರೆ ಸಾಲದು, ಕೊತಕೊತ ಒಂದು ನಿಮಿಷ ಕುದಿಯಬೇಕು, ಮುಚ್ಚಿಟ್ಟೇ ಆರಿಸಬೇಕು. ಜಾಂಡೀಸ್ ವೈರಸ್‌ಗೆ ಅಷ್ಟು ಸಾಕು. ಮಶೀನಿನ ಮಾತು ಆಮೇಲೆ.

ನಾನು ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಆ ಕಡ್ಡಿ ಆಟ ಎಷ್ಟು ಮನೆಗಳಲ್ಲಿ ಎಷ್ಟು ಜನರನ್ನು ಹೆದರಿಸಿದೆಯೋ ಲೆಕ್ಕವಿಲ್ಲ. ಆ ಕಡ್ಡಿಗಳಲ್ಲಿ ಕಬ್ಬಿಣವಿರುತ್ತದೆ. ನಲ್ಲಿ ನೀರಿನಲ್ಲಿ ಉಪ್ಪಿನಂಶ ಇರುವುದರಿಂದ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ನೀವು ನೋಡಿದ ಕೆಸರು ಕಡ್ಡಿಯದು, ನಿಮ್ಮ ನೀರಿನದಲ್ಲ. ಆರ್‌ಒ ನೀರಿನಲ್ಲಿ ಉಪ್ಪು ತೀರಾ ಕಮ್ಮಿ, ಹಾಗಾಗಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಬಣ್ಣವೂ ಬರುವುದಿಲ್ಲ. ಆತ ಮತ್ತೆ ಬಂದರೆ ಅವನ ಲೋಟಕ್ಕೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಸ್ವಿಚ್ ಹಾಕಲು ಹೇಳಿ. ಅದೂ ಕಂದಾಗುತ್ತದೆ.

ಇನ್ನು 680. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ, ಅಷ್ಟೇ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500, 2012ರದ್ದು. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ 2000ದವರೆಗೆ ಒಪ್ಪಬಹುದು ಅನ್ನುತ್ತದೆ ಅದು. 680 ವಿಷ ಅಲ್ಲ. ಜೊತೆಗೆ, ಟಿಡಿಎಸ್ ಮೀಟರಿಗೆ ಒಂದೇ ಒಂದು ಕ್ರಿಮಿಯೂ ಕಾಣುವುದಿಲ್ಲ. 150 ತೋರಿಸುವ ನೀರಿನಲ್ಲೂ ಚರಂಡಿ ಬೆರೆತಿರಬಹುದು. ನಿಮ್ಮ ಮಗಳನ್ನು ಮಲಗಿಸಿದ್ದು ಲವಣ ಅಲ್ಲ.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಮೊದಲನೇ ಬಕೆಟ್. ಕೆರೆಯಲ್ಲೋ ಟ್ಯಾಂಕಿನಲ್ಲೋ ನೀರು ಕೆಟ್ಟಿದ್ದರೆ ಮೂರೂ ಬಕೆಟ್ ಒಂದೇ ಥರ ಇರುತ್ತಿತ್ತು. ಮೊದಲು ಕೊಳಕು, ಆಮೇಲೆ ತಿಳಿ ಅಂದರೆ ದಾರಿಯಲ್ಲಿ ಎಲ್ಲೋ ಸೇರುತ್ತಿದೆ. ನೀರು ಬಿಟ್ಟಾಗ ಪೈಪಿನ ಒಳಗಿನಿಂದ ಒತ್ತಡ ಇರುತ್ತದೆ, ಒಡಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಲ್ಲಿಸಿದಾಗ ಪೈಪ್ ಖಾಲಿಯಾಗಿ ಒಳಕ್ಕೆ ಎಳೆತ ಶುರುವಾಗುತ್ತದೆ, ಅದೇ ಒಡಕಿನಿಂದ ಸುತ್ತಲಿನ ಕೊಳಚೆ ಒಳಗೆ ಬರುತ್ತದೆ. ನಾಲ್ಕು ದಿನ ಪೈಪ್ ಖಾಲಿ ಬಿದ್ದಿರುತ್ತದೆ ಅನ್ನುವುದನ್ನು ನೆನಪಿಡಿ. ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವ ಮನೆಗಳಿದ್ದರೆ ಇನ್ನೂ ಕೆಟ್ಟದು, ನೀರು ಬರುತ್ತಿರುವಾಗಲೇ ಎಳೆತ ಆಗುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನವಿಡೀ ನೀರು ಕೊಡಲು ಶುರು ಮಾಡಿದರಲ್ಲ, ಅದರ ದೊಡ್ಡ ಲಾಭ ಇದೇ. ಪೈಪ್ ಯಾವಾಗಲೂ ತುಂಬಿರುತ್ತದೆ, ಹೊರಗಿನದು ಒಳಗೆ ನುಗ್ಗಲು ಜಾಗವೇ ಇಲ್ಲ.

ನೀರಿಗೆ ಹೊಲಸು ಸೇರಿದೆಯಾ ಅಂತ ಮನೆಯಲ್ಲೇ ನೋಡಲು ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ, ಇಲ್ಲದಿದ್ದರೆ ಆನ್‌ಲೈನ್. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಾದರೆ ಹೊಲಸು ಸೇರಿದೆ ಅಂತ ತಿಳಿಯಿರಿ. ಕಪ್ಪಾಗಲಿಲ್ಲ ಅಂತ ಪೂರ್ತಿ ನಂಬಬೇಡಿ, ವೈರಸ್ ಅದಕ್ಕೆ ಗೊತ್ತಾಗುವುದಿಲ್ಲ.

ಪಾವಗಡಸೀಮೆ:

ಸರ್ ಹೇಳಿದ್ದು ಸರಿ, ಆದರೆ ಒಂದು ಮಾತು ಬಿಟ್ಟುಹೋಗಿದೆ. ಅಕ್ಕ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬೆರೆಸುತ್ತಾರೆ ಅಂದಿದ್ದಾರೆ. ನಮ್ಮ ಕಡೆ ಬೋರ್‌ವೆಲ್ ಅಂದರೆ ಫ್ಲೋರೈಡ್ ಭಯ. ಬಂಡೆಯಿಂದಲೇ ಕರಗಿ ಬರುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಮುಖ್ಯವಾದದ್ದು ಇದು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಅಂದರೆ ಇನ್ನೂ ಗಟ್ಟಿಯಾಗುತ್ತದೆ.

ಫ್ಲೋರೈಡ್‌ನಿಂದ ನನ್ನ ಮುಂದಿನ ಎರಡು ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಕ್ಲಾಸಿನಲ್ಲಿ ಅರ್ಧ ಜನಕ್ಕೆ ಇದ್ದದ್ದರಿಂದ ಅದು ಕಾಯಿಲೆ ಅಂತಲೇ ನಮಗೆ ಗೊತ್ತಿರಲಿಲ್ಲ. ಕಾಲೇಜಿಗೆ ಬೆಂಗಳೂರಿಗೆ ಹೋದಾಗ ಒಬ್ಬಳು ಹಲ್ಲು ಉಜ್ಜಲ್ವಾ ಅಂತ ಕೇಳಿದಳು. ಅವತ್ತಿನಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುವುದು ಅಭ್ಯಾಸವಾಯಿತು. ನಮ್ಮ ಅಜ್ಜನಿಗೆ ಕೊನೆ ಕೊನೆಗೆ ಬೆನ್ನು ಬಗ್ಗುತ್ತಿರಲಿಲ್ಲ, ಬೀಡಿ ಬಿದ್ದರೆ ನಾವೇ ಎತ್ತಿಕೊಡಬೇಕಿತ್ತು. ಹಲ್ಲಿಗೆ ಕಲೆ ಕೂರುವುದು ಮಗುವಿನ ಒಳಗೆ ಹಲ್ಲು ರೂಪುಗೊಳ್ಳುವಾಗ, ಆಮೇಲೆ ನೀರು ಬದಲಿಸಿದರೂ ಕಲೆ ಹೋಗುವುದಿಲ್ಲ. ಅದಕ್ಕೇ ಏಳು ವರ್ಷದ ಮಗು ಅಂದಾಗ ನನಗೆ ಸುಮ್ನೆ ಇರಲು ಆಗಲಿಲ್ಲ.

ನೀರನ್ನು ಲ್ಯಾಬ್‌ಗೆ ಕೊಟ್ಟು ಫ್ಲೋರೈಡ್ ಮತ್ತು ನೈಟ್ರೇಟ್ ನೋಡಿಸಿ. ಈಗ ಒಂದು ಸಲ, ಏಪ್ರಿಲ್‌ನಲ್ಲಿ ಇನ್ನೊಂದು ಸಲ. ಫ್ಲೋರೈಡ್ ಜಾಸ್ತಿ ಬಂದರೆ ಆಗ ಆರ್‌ಒ ಕೇಳಿ, ಅದು ಫ್ಲೋರೈಡ್ ತೆಗೆಯುತ್ತದೆ. ಇಲ್ಲವೇ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು, ಅಡುಗೆಗೆ ಮಾತ್ರ ಬಳಸಿ. ಘಟಕದಲ್ಲಿ ಮೆಂಬ್ರೇನ್ (ನೀರು ಸೋಸುವ ಪೊರೆ) ಯಾವಾಗ ಬದಲಿಸಿದರು ಅಂತ ಕೇಳಿ, ನಾಚಿಕೆ ಬೇಡ. ಕ್ಯಾನ್ ಒಳಗೆ ಕೈ ಹಾಕಿ ನೋಡಿ, ಜಾರುವ ಹಾಗಿದ್ದರೆ ಪಾಚಿ ಕಟ್ಟಿದೆ. ಮಾಳಿಗೆಯ ಮಳೆ ನೀರು ಹಿಡಿದಿಡಲು ಜಾಗ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು.

ನೀರುಗಂಟಿಮಗ:

ನಮ್ಮಪ್ಪ ನೀರುಗಂಟಿ ಆಗಿದ್ದರು. ಚಿಕ್ಕಂದಿನಲ್ಲಿ ವಾಲ್ವ್ ತಿರುಗಿಸಲು ಅವರ ಜೊತೆ ಹೋಗುತ್ತಿದ್ದೆ.

ಅಕ್ಕ, ದೊಡ್ಡ ಪೈಪ್ ಆಮೇಲೆ ನೋಡೋಣ. ಮೊದಲು ನಿಮ್ಮ ಮನೆ ಮುಂದೆ ಚರಂಡಿ ಹತ್ತಿರ ಹೋಗಿ ಬಗ್ಗಿ ನೋಡಿ. ಹಳೇ ಬೀದಿಗಳಲ್ಲಿ ಮನೆ ಕನೆಕ್ಷನ್ ಪೈಪನ್ನು ಚರಂಡಿ ಒಳಗಿನಿಂದಲೇ ದಾಟಿಸಿರುತ್ತಾರೆ. ಅದು ಕಬ್ಬಿಣದ ಪೈಪ್ ಆಗಿದ್ದರೆ ಹತ್ತಿಪ್ಪತ್ತು ವರ್ಷದಲ್ಲಿ ತುಕ್ಕು ಹಿಡಿದು ಕಡಲೆ ಗಾತ್ರದ ತೂತು ಬಿದ್ದಿರುತ್ತದೆ. ನೀರು ಬಿಟ್ಟ ಹೊತ್ತಿನಲ್ಲಿ ಚರಂಡಿಯಲ್ಲಿ ಎಲ್ಲಾದರೂ ತಿಳಿ ನೀರು ಬುಗ್ಗೆ ಏಳುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಅಪ್ಪ ಹಾಗೇ ಹುಡುಕುತ್ತಿದ್ದದ್ದು.

ಕ್ರಿಮಿ ಸಾಯಲಿ ಅಂತ ನೀರಿಗೆ ಹಾಕುವ ಕ್ಲೋರಿನ್ ಇದೆಯಾ ಅಂತ ಕೂಡ ನೀವೇ ನೋಡಬಹುದು. ಓಟಿ ದ್ರಾವಣ ಅಂತ ಸಣ್ಣ ಬಾಟಲಿ, ನಲ್ಲಿ ನೀರಿಗೆ ಕೆಲವು ಹನಿ ಹಾಕಿದರೆ ಕ್ಲೋರಿನ್ ಇದ್ದರೆ ತಿಳಿ ಹಳದಿ ಆಗುತ್ತದೆ. ಪರೀಕ್ಷೆ ಮಾಡಿದ ನೀರು ಚೆಲ್ಲಿಬಿಡಿ, ಕುಡಿಯಬಾರದು. ಬೀದಿಯ ಕೊನೇ ಮನೆಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಣ್ಣವೇ ಬರಲಿಲ್ಲ ಅಂದರೆ ಟ್ಯಾಂಕಿನಲ್ಲಿ ಹಾಕಿಲ್ಲ, ಇಲ್ಲವೇ ಹಾಕಿದ್ದನ್ನು ದಾರಿಯಲ್ಲಿ ಕೊಳಕು ತಿಂದುಬಿಟ್ಟಿದೆ. ಬ್ಲೀಚಿಂಗ್ ಪುಡಿ ಚೀಲ ಬಾಯಿ ತೆರೆದಿಟ್ಟರೆ ಸತ್ತುಹೋಗುತ್ತದೆ, ಬರೀ ಸುಣ್ಣ ಹಾಕಿದ ಹಾಗೆ. ಅಪ್ಪ ಚೀಲದ ಬಾಯಿ ಸುತ್ತಿ ಕಟ್ಟದೆ ಮನೆಗೆ ಬರುತ್ತಿರಲಿಲ್ಲ.

ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ ಭೇದಿಯಾಗಿ ಜನ ಜೀವ ಕಳೆದುಕೊಂಡರು. ನಿಮ್ಮ ಬೀದಿಯಲ್ಲಿ ಮೂರು ಮಕ್ಕಳಿಗೆ ಜಾಂಡೀಸ್ ಅಂದರೆ ಅದು ನಿಮ್ಮೊಬ್ಬರ ಮನೆ ವಿಷಯ ಅಲ್ಲ. ನೀವು ಆರ್‌ಒ ಹಾಕಿಸಿಕೊಳ್ಳಬಹುದು, ಎದುರು ಮನೆಯವರಿಗೆ ಆಗುತ್ತಾ?

ಬೇವಿನಮರ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹತ್ತು ದಿನ ಆಯಿತು, ಆದದ್ದು ಹೇಳುತ್ತೇನೆ.

ಮೂರು ಎಚ್‌ಟುಎಸ್ ಬಾಟಲಿ ತರಿಸಿದೆ. ಒಂದು ನಮ್ಮ ನಲ್ಲಿಯದು, ಒಂದು ಎದುರು ಮನೆ ಅಜ್ಜಿಯದು, ಒಂದು ಬೀದಿ ಶುರುವಿನ ಅಂಗಡಿಯದು. ಮೂರಕ್ಕೂ ಚೀಟಿ ಅಂಟಿಸಿ ಅಡುಗೆಮನೆ ಗೂಡಿನಲ್ಲಿಟ್ಟೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ನಮ್ಮದು, ಅಜ್ಜಿಯದು ಇದ್ದಿಲು ಕಲಸಿದ ಹಾಗೆ ಕಪ್ಪು. ಅಂಗಡಿಯದು ಎರಡು ದಿನ ಕಳೆದರೂ ಬದಲಾಗಲಿಲ್ಲ. ನೋಡಿಕೊಂಡು ಅಲ್ಲೇ ಕುಳಿತುಬಿಟ್ಟೆ. ಅದನ್ನೇ ಅಲ್ವಾ ನಾನು ಸೋಸಿ ಮಗುವಿಗೆ ಕೊಟ್ಟಿದ್ದು.

ಮುಂದಿನ ಸರದಿಗೆ ಟಾರ್ಚ್ ಹಿಡಿದು ನಾವು ನಾಲ್ಕು ಜನ ಹೆಂಗಸರು ಚರಂಡಿ ಉದ್ದಕ್ಕೂ ನಡೆದೆವು. ಅಂಗಡಿ ದಾಟಿ ಮೋರಿ ಇದೆ, ಅದರ ಕೆಳಗೆ ಚರಂಡಿ ನೀರಿನ ನಡುವೆ ಒಂದು ಕಡೆ ತಿಳಿ ನೀರು ಗುಳುಗುಳು ಏಳುತ್ತಿತ್ತು. ಫೋನಿನಲ್ಲಿ ವಿಡಿಯೋ ಮಾಡಿದೆವು. ಕಚೇರಿಗೆ ಹೋದರೆ ಮೊದಲ ದಿನ ಸಾಹೇಬರಿಲ್ಲ ಅಂದರು. ಎರಡನೇ ದಿನ ಕಪ್ಪು ಬಾಟಲಿಗಳನ್ನೂ ತೆಗೆದುಕೊಂಡು ಹನ್ನೊಂದು ಜನ ಹೋದೆವು, ಬಾಟಲಿಯನ್ನು ಮೇಜಿನ ಮೇಲಿಟ್ಟೆವು. ಅರ್ಜಿಗೆ ಸೀಲ್ ಹಾಕಿಸಿಕೊಂಡೇ ಬಂದಿದ್ದೇವೆ. ಗುರುವಾರ ಅಗೆದರು, ಜಾಯಿಂಟ್ ಪೂರ್ತಿ ಬಾಯಿ ಬಿಟ್ಟಿತ್ತು, ಹೊಸ ಪೈಪ್ ಹಾಕಿ ಚರಂಡಿಯ ಮೇಲಿನಿಂದ ದಾಟಿಸಿದ್ದಾರೆ. ಫ್ಲೋರೈಡ್‌ಗೆ ನೀರು ಕೊಟ್ಟಿದ್ದೇನೆ, ರಿಪೋರ್ಟ್ ಬಂದಿಲ್ಲ. ಆರ್‌ಒ ವಿಚಾರ ಅದು ಬಂದ ಮೇಲೆ.

ಹಳೇಲ್ಯಾಬ್:

ತುಂಬಾ ಒಳ್ಳೆ ಕೆಲಸ ಮಾಡಿದ್ದೀರಿ. ಇನ್ನು ಎರಡು ಮಾತು. ನಿಮ್ಮ ವಾರ್ಡಿನ ನೀರನ್ನು ಈ ವರ್ಷ ಯಾವ್ಯಾವಾಗ ಪರೀಕ್ಷೆ ಮಾಡಿದ್ದಾರೆ, ಏನು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಅದನ್ನು ನೋಡಿ ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು.

ಸಂಪು ತೊಳೆದಿರಾ? ಪೈಪ್ ಸರಿಯಾದರೂ ಹಳೇ ಕೊಳಕು ಸಂಪಿನ ತಳದಲ್ಲೇ ಕೂತಿರುತ್ತದೆ. ಖಾಲಿ ಮಾಡಿ, ಬ್ಲೀಚಿಂಗ್ ನೀರಿನಲ್ಲಿ ಗೋಡೆ ಉಜ್ಜಿ ತೊಳೆಯಿರಿ. ಬಾಟಲಿ ಪರೀಕ್ಷೆ ಮತ್ತೆ ಮಾಡುವುದಾದರೆ ನಲ್ಲಿಯಿಂದಲೇ ನೇರ ಹಿಡಿಯಿರಿ, ಸಂಪಿನಿಂದ ಬೇಡ. ಅಲ್ಲಿಯವರೆಗೆ ಕುದಿಸುವುದು ನಿಲ್ಲಿಸಬೇಡಿ.

ಬೇವಿನಮರ:

ಸಂಪು ನಿನ್ನೆ ತೊಳೆದೆವು ಸರ್, ತಳದಲ್ಲಿ ನಾಲ್ಕು ಬೆರಳು ಕಪ್ಪು ಕೆಸರಿತ್ತು. ಅಜ್ಜಿ ಮನೆಯದನ್ನೂ ಹುಡುಗರು ಇಳಿದು ತೊಳೆದುಕೊಟ್ಟರು. ನಾಳೆ ಬೆಳಗಿನ ಜಾವ ನಮ್ಮ ಸರದಿ. ಬಾಟಲಿ ತೆಗೆದಿಟ್ಟಿದ್ದೇನೆ, ಮೊದಲನೇ ಬಕೆಟ್ಟಿನ ನೀರನ್ನೇ ಹಿಡಿಯುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.