ಪಿಸಿಓಎಸ್ ಇದ್ದರೆ ಕೊಲೆಸ್ಟ್ರಾಲೂ ನೋಡಿಸಬೇಕಾ?

ಕೋಡಿಬಾಗದವಳು:
ವಯಸ್ಸು 27, ಸಣಕಲು ಮೈ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರೆ) ಅಂತ ಗೊತ್ತಾಗಿ ಮೂರು ವರ್ಷ, ಮುಟ್ಟು ಸರಿಯಾಗೋ ಮಾತ್ರೆ ಬಿಟ್ಟು ಯಾರೂ ಬೇರೇನೂ ಹೇಳಿರಲಿಲ್ಲ. ಮೊನ್ನೆ ಸುಮ್ನೆ ರಕ್ತ ಕೊಟ್ಟೆ. ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಜಾಸ್ತಿ, 212; ಒಳ್ಳೆ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ ಕಮ್ಮಿ, 36! ಆಯಿ ಕೊಬ್ಬರಿ ಎಣ್ಣೆ ಡಬ್ಬಿ ಎತ್ತಿಟ್ಟು, ಮೀನೂ ಬೇಡ ಅಂತಿದ್ದಾರೆ. ಕಾರವಾರದಲ್ಲಿದ್ದು ಬಂಗಡೆ ಬಿಡೋದು ಹೇಗೆ?

ಶಿರಸಿ ಅಕ್ಕ:
ಮೀನು ಯಾಕೆ ಬಿಡ್ತೀಯ ಮಾರಾಯ್ತಿ? ನಾವು ಮೀನು ಮುಟ್ಟದವರು, ಆದರೂ ನನಗೆ ಇದೇ ರಿಪೋರ್ಟ್ ಬಂದಿತ್ತು. ಮೂರು ಹೊತ್ತು ಅನ್ನ, ಐದು ಸಲ ಸಕ್ಕರೆ ಚಹಾ, ಮೇಲೆ ಸಿಹಿ ತೊಡೆದೇವು.

ಕುಮಟಾ ನರ್ಸ್:
ಸಣ್ಣಗಿದ್ದರೂ ಬರುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಲಿವರ್ ಜಾಸ್ತಿ ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ, ಆಗ ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿಯುತ್ತದೆ. ಅದಕ್ಕೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪಿಸಿಓಎಸ್ ಪತ್ತೆಯಾದಾಗಲೇ, ತೂಕ ವಯಸ್ಸು ಎಷ್ಟೇ ಇರಲಿ, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ನೋಡೋ ರಕ್ತ ಪರೀಕ್ಷೆ) ಮಾಡಿಸಿ ಅನ್ನುತ್ತದೆ. ಬಿಪಿ ವರ್ಷಕ್ಕೊಮ್ಮೆ. ಸಕ್ಕರೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡೋ ಟೆಸ್ಟ್. ಹಾಗಂತ ಹೆದರಬೇಡಿ, ಈ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ತೀರಾ ಅಪರೂಪ, ಮುಂದಿನದಕ್ಕೆ ಈಗಿಂದಲೇ ನೋಡ್ಕೊಳ್ಳೋದು ಅಷ್ಟೆ. ಬಂಗಡೆ, ತಾರ್ಲೆಯಲ್ಲಿ ಒಮೇಗಾ-3 ಅನ್ನೋ ಒಳ್ಳೆ ಕೊಬ್ಬು ಇದೆ, ರವೆ ಹಚ್ಚಿ ಹುರಿಯೋ ಬದಲು ಸಾರು ಮಾಡಿ. ಕೊಬ್ಬರಿ ಎಣ್ಣೆ ವಿಷಯದಲ್ಲಿ ಆಯಿ ಹೇಳಿದ್ದು ಸರಿ, ಅದು ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ ಏರಿಸುತ್ತದೆ. ಇನ್ನೊಂದು, ನಿಮ್ಮ ಮುಟ್ಟಿನ ಮಾತ್ರೆಯಲ್ಲಿ ಈಸ್ಟ್ರೋಜನ್ ಹಾರ್ಮೋನ್ ಇದ್ದರೆ ಅದರಿಂದಲೂ ಟ್ರೈಗ್ಲಿಸರೈಡ್ ಏರಬಹುದು. ನೀವೇ ನಿಲ್ಲಿಸಬೇಡಿ, ರಿಪೋರ್ಟ್ ಜೊತೆ ಆ ಮಾತ್ರೆಯ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.

ಕೋಡಿಬಾಗದವಳು:
ಚೀಟಿ ಸಿಕ್ಕಿತು, ಸೋಮವಾರ ಹೋಗ್ತೇನೆ. ಆಯಿಗೆ ಇದನ್ನು ಓದಿ ಹೇಳಿದೆ. "ಸಾರಾದರೆ ಆಯ್ತು, ಕಾಯಿ ಮಾತ್ರ ಅರ್ಧ" ಅಂದರು.