ಮುಟ್ಟಿನ ರಕ್ತ ಹಿಂದಕ್ಕೆ ಹರಿಯುವುದೊಂದೇ ಎಂಡೊಮೆಟ್ರಿಯೋಸಿಸ್‌ಗೆ ಕಾರಣವೇ?

ತುಂಗಾತೀರ (ಪ್ರಶ್ನೆ):

ಆಶಾ ಕಾರ್ಯಕರ್ತೆಯರ ತರಬೇತಿಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಪಾಠ ಬರೆಯುತ್ತಿದ್ದೇನೆ. "ಯಾಕೆ ಬರುತ್ತದೆ" ಅನ್ನುವಲ್ಲಿ ಎಲ್ಲರೂ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ಹೇಳಿದ್ದನ್ನೇ ಮೊದಲು ಕೊಡುತ್ತಾರೆ: ಮುಟ್ಟಿನ ರಕ್ತ ಒಂದಷ್ಟು ಫೆಲೋಪಿಯನ್ ನಾಳಗಳ ಮೂಲಕ ಹಿಂದಕ್ಕೆ ಹರಿದು ಕಿಬ್ಬೊಟ್ಟೆಗೆ ಬೀಳುತ್ತದೆ, ಅದರಲ್ಲಿರುವ ಗರ್ಭಕೋಶದ ಒಳಪದರದ ಚೂರುಗಳು ಅಲ್ಲೇ ಅಂಟಿಕೊಂಡು ಬೆಳೆಯುತ್ತವೆ. ಆದರೆ 1984ರ ಲ್ಯಾಪರೋಸ್ಕೋಪಿ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ವಿಧಾನ) ಅಧ್ಯಯನವೊಂದರಲ್ಲಿ, ನಾಳ ತೆರೆದಿದ್ದ ಹೆಂಗಸರ ಪೈಕಿ 90% ಮಂದಿಗೆ ಮುಟ್ಟಿನ ಹೊತ್ತಿಗೆ ಕಿಬ್ಬೊಟ್ಟೆಯ ದ್ರವದಲ್ಲಿ ರಕ್ತ ಸಿಕ್ಕಿತ್ತು. ಕಾಯಿಲೆ ಇರುವುದು ಸುಮಾರು 10% ಮಂದಿಗೆ. ಉಳಿದವರಿಗೆ ಯಾಕಿಲ್ಲ? ಎದೆಗೂಡಿನಲ್ಲಿ ಹೇಗೆ ಬರುತ್ತದೆ? ಗರ್ಭಕೋಶ ತೆಗೆಸಿದರೆ ಮುಗಿಯಿತೇ? ಈ ಕೊನೆಯದನ್ನಂತೂ ಹಳ್ಳಿಗಳಲ್ಲಿ ಖಂಡಿತ ಕೇಳುತ್ತಾರೆ.

ಸ್ಲೈಡ್‌ಪೆಟ್ಟಿಗೆ:

ಸ್ಯಾಂಪ್ಸನ್ ವಿವರಣೆಯನ್ನು ಅಷ್ಟು ಬೇಗ ಕೈಬಿಡಬೇಡಿ, ಅದಕ್ಕೆ ಗಟ್ಟಿ ಆಧಾರಗಳಿವೆ. ಹುಟ್ಟಿನಿಂದಲೇ ಯೋನಿಯ ದಾರಿ ಮುಚ್ಚಿಕೊಂಡು ಮುಟ್ಟಿನ ರಕ್ತ ಹೊರಬರಲಾಗದ ಹುಡುಗಿಯರಲ್ಲಿ ಈ ಕಾಯಿಲೆ ಹೆಚ್ಚು. ಬೇಗ ಮೈನೆರೆದವರಲ್ಲಿ, 27 ದಿನಕ್ಕಿಂತ ಚಿಕ್ಕ ಋತುಚಕ್ರ ಇರುವವರಲ್ಲಿ, ರಕ್ತಸ್ರಾವ ಹೆಚ್ಚಿರುವವರಲ್ಲಿ ಅಪಾಯ ಜಾಸ್ತಿ. ಹಿಂದಕ್ಕೆ ಹರಿಯುವ ಸಂದರ್ಭಗಳೇ ಜಾಸ್ತಿಯಾಗುತ್ತವಲ್ಲ. ಬಬೂನ್ ಕೋತಿಗಳ ಹೊಟ್ಟೆಯೊಳಗೆ ಅವುಗಳದೇ ಮುಟ್ಟಿನ ಅಂಗಾಂಶ ಹಾಕಿದಾಗ ಕಾಯಿಲೆ ಹುಟ್ಟಿದೆ. ಸಿಸೇರಿಯನ್ ಹೊಲಿಗೆಯ ಜಾಗದಲ್ಲಿ ಗಂಟು ಬಂದು ಮುಟ್ಟಿನ ಹೊತ್ತಿಗೆ ನೋಯುವುದೂ ಚೂರುಗಳು ಬೇರೆಡೆ ನಾಟಬಲ್ಲವು ಎಂಬುದಕ್ಕೆ ಸಾಕ್ಷಿ.

ನನಗೆ ಎಲ್ಲಕ್ಕಿಂತ ಮನವರಿಕೆಯಾಗುವುದು ಎಡ-ಬಲದ ವ್ಯತ್ಯಾಸ. ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಚೀಲ) ಎಡ ಅಂಡಾಶಯದಲ್ಲಿ ಹೆಚ್ಚು, ಏಕೆಂದರೆ ಅಲ್ಲಿ ದೊಡ್ಡ ಕರುಳಿನ ಕೊನೆಭಾಗವಾದ ಸಿಗ್ಮಾಯ್ಡ್ ಕರುಳು ಅಡ್ಡವಿದ್ದು ದ್ರವ ನಿಲ್ಲಲು ಮರೆ ಸಿಗುತ್ತದೆ. ವಪೆಯ (ಎದೆ-ಹೊಟ್ಟೆ ಬೇರ್ಪಡಿಸುವ ಸ್ನಾಯುಪರದೆ) ಮೇಲಿನ ಗಾಯಗಳು, ಅಂದರೆ ಇಂಥ ಅಂಗಾಂಶ ಬೆಳೆದ ಜಾಗಗಳು, ಬಲಕ್ಕೇ ಹೆಚ್ಚು. ಹೊಟ್ಟೆಯೊಳಗಿನ ದ್ರವ ದೊಡ್ಡ ಕರುಳಿನ ಬಲ ಮಗ್ಗುಲಲ್ಲಿ ಮೇಲೇರಿ ವಪೆಯ ಕೆಳಗೆ ತಲುಪುತ್ತದೆ. ಎಡಕ್ಕೆ ದಾಟದಂತೆ ಯಕೃತ್ತಿನ ಫಾಲ್ಸಿಫಾರ್ಮ್ ಪಟ್ಟಿ ತಡೆಯುತ್ತದೆ. ವಪೆಯಲ್ಲಿ ಸಣ್ಣ ರಂಧ್ರಗಳಿದ್ದರೆ ಅಲ್ಲಿಂದ ಎದೆಗೂಡಿಗೆ ದಾರಿ. ಮುಟ್ಟಿನ ಸಮಯದಲ್ಲಿ ಶ್ವಾಸಕೋಶ ಕುಸಿಯುವ ಪ್ರಕರಣಗಳಲ್ಲಿ ಬಹುಪಾಲು ಬಲಗಡೆಯವೇ ಆಗಿರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಬೇರುಗೆಣಸು:

ಒಪ್ಪುತ್ತೇನೆ, ಆದರೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವರ್ಷಗಟ್ಟಲೆ ಈಸ್ಟ್ರೊಜನ್ ತೆಗೆದುಕೊಂಡ ಗಂಡಸರಲ್ಲೂ ಎಂಡೊಮೆಟ್ರಿಯೋಸಿಸ್ ವರದಿಯಾಗಿದೆ. ತೀರಾ ಅಪರೂಪ, ಆದರೂ ಅಲ್ಲಿ ಮುಟ್ಟೂ ಇಲ್ಲ, ಫೆಲೋಪಿಯನ್ ನಾಳವೂ ಇಲ್ಲ.

ಇದಕ್ಕೆ ಎರಡು ಉತ್ತರಗಳಿವೆ. ಒಂದು ಮೆಟಾಪ್ಲೇಸಿಯಾ: ಹೊಟ್ಟೆಯ ಒಳಗೋಡೆಯ ಪೆರಿಟೋನಿಯಂ ಪೊರೆ, ಗರ್ಭಕೋಶವನ್ನು ರೂಪಿಸುವ ಮ್ಯುಲೇರಿಯನ್ ನಾಳ, ಎರಡೂ ಭ್ರೂಣದ ಒಂದೇ ಹೊದಿಕೆಯಿಂದ ಬಂದವು. ಹಾಗಾಗಿ ಪೊರೆಯ ಕೋಶಗಳೇ ಒಳಪದರದಂಥ ಕೋಶಗಳಾಗಿ ಮಾರ್ಪಡಬಲ್ಲವು ಎಂಬ ವಾದ. ಇನ್ನೊಂದು, ಮ್ಯುಲೇರಿಯನ್ ನಾಳ ಬೆಳೆಯುವಾಗ ದಾರಿಯಲ್ಲಿ ಉಳಿದ ಕೋಶಗಳು ಮೈನೆರೆದ ಮೇಲೆ ಹಾರ್ಮೋನ್ ಸಿಕ್ಕು ಎಚ್ಚೆತ್ತುಕೊಳ್ಳುತ್ತವೆ ಎಂಬುದು. ಹೆಣ್ಣು ಭ್ರೂಣಗಳಲ್ಲಿ ಗರ್ಭಕೋಶದ ಹೊರಗೆ ಇಂಥ ಅಂಗಾಂಶ ಸಿಕ್ಕಿರುವುದು ಎರಡನೆಯದಕ್ಕೆ ಬಲ. ಗರ್ಭಕೋಶದ ಹಿಂದೆ, ಗುದನಾಳದ ಮುಂದೆ ಬರುವ ಆಳದ ಗಂಟುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ ಅನ್ನುವವರಿದ್ದಾರೆ.

1920ರ ದಶಕದಲ್ಲೇ ಹಾಲ್ಬನ್ ಎಂಬ ವೈದ್ಯ ಇದು ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ಹರಡುತ್ತದೆ ಅಂದಿದ್ದ. ದುಗ್ಧಗ್ರಂಥಿಗಳಲ್ಲಿ ಅಂಗಾಂಶ ಸಿಕ್ಕೂ ಇದೆ. ಆದರೆ ಅದೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು.

ನನ್ನ ಸಲಹೆ: ಪಾಠದಲ್ಲಿ ಪೊರೆಯ ಮೇಲ್ಮೈ ಗಾಯ, ಅಂಡಾಶಯದ ಸಿಸ್ಟ್, ಆಳದ ಗಂಟು ಮೂರನ್ನೂ ಬೇರೆಬೇರೆಯಾಗಿ ಹೇಳಿ. ಮೂರಕ್ಕೂ ಒಂದೇ ಹುಟ್ಟು ಇರಲೇಬೇಕೆಂದಿಲ್ಲ.

ಜೀನ್‌ಜಾಡು:

"90ರಲ್ಲಿ 10 ಮಾತ್ರ ಯಾಕೆ" ಅನ್ನೋದಕ್ಕೆ ಬರ್ತೀನಿ. ಚೂರು ಬಿದ್ದರೆ ಸಾಲದು. ಅದು ಸಾಯದೆ ಉಳೀಬೇಕು, ಪೊರೆಗೆ ಅಂಟಬೇಕು, ಕಿಣ್ವಗಳಿಂದ ಪೊರೆ ಕೊರೆದು ಒಳಗೆ ಇಳೀಬೇಕು, ಹೊಸ ರಕ್ತನಾಳ ಎಳೆದುಕೊಳ್ಳಬೇಕು. ಸಾಮಾನ್ಯವಾಗಿ ಮ್ಯಾಕ್ರೊಫೇಜ್ ಮತ್ತು ಎನ್‌ಕೆ ಅನ್ನೋ ರೋಗನಿರೋಧಕ ಕೋಶಗಳು ಅದನ್ನ ತೆರವು ಮಾಡುತ್ತವೆ. ಕಾಯಿಲೆ ಇರೋರಲ್ಲಿ ಎನ್‌ಕೆ ಕೋಶಗಳ ಕೊಲ್ಲುವ ಶಕ್ತಿ ಕಮ್ಮಿ. ಮ್ಯಾಕ್ರೊಫೇಜ್‌ಗಳು ಹೆಚ್ಚಿದ್ದರೂ ತೆರವು ಮಾಡೋ ಬದಲು ಉರಿಯೂತ ಮತ್ತು ರಕ್ತನಾಳದ ಬೆಳವಣಿಗೆಗೆ ನೆರವಾಗುತ್ತವೆ. ಮೇಲಾಗಿ ಗಾಯದ ಅಂಗಾಂಶದಲ್ಲಿ ಅರೊಮಟೇಸ್ ಕಿಣ್ವ ಇದ್ದು ತನಗೆ ಬೇಕಾದ ಈಸ್ಟ್ರೊಜನ್ ತಾನೇ ತಯಾರಿಸುತ್ತೆ. ನೋವು-ಉರಿಯೂತ ತರೋ ರಾಸಾಯನಿಕವಾದ ಪ್ರೊಸ್ಟಗ್ಲಾಂಡಿನ್ ಇ2 ಆ ಕಿಣ್ವವನ್ನ ಹೆಚ್ಚಿಸುತ್ತೆ, ಈಸ್ಟ್ರೊಜನ್ ಮತ್ತೆ ಪ್ರೊಸ್ಟಗ್ಲಾಂಡಿನ್ ಹೆಚ್ಚಿಸುತ್ತೆ. ನೋವು, ಬೆಳವಣಿಗೆ ಎರಡೂ ಈ ಸುತ್ತಿನಲ್ಲೇ ಇವೆ.

ಅವಳಿಗಳ ಅಧ್ಯಯನಗಳ ಪ್ರಕಾರ ಅಪಾಯದ ವ್ಯತ್ಯಾಸದಲ್ಲಿ ಅರ್ಧದಷ್ಟು ಆನುವಂಶಿಕ. 2023ರ ದೊಡ್ಡ ಅಧ್ಯಯನದಲ್ಲಿ 60,000ಕ್ಕೂ ಹೆಚ್ಚು ರೋಗಿಗಳಿಂದ ಅಪಾಯಕ್ಕೆ ನಂಟಿರೋ ಜೀನೋಮ್‌ನ 42 ತಾಣಗಳು ಸಿಕ್ಕವು. ಅವರೆಲ್ಲ ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ನಮ್ಮ ಹೆಣ್ಣುಮಕ್ಕಳಿಗೆ ಆ ಲೆಕ್ಕವನ್ನ ನೇರವಾಗಿ ಹಾಕಬಾರದು.

2017ರಲ್ಲಿ, ಕ್ಯಾನ್ಸರ್ ಇಲ್ಲದವರ ಆಳದ ಗಂಟುಗಳಲ್ಲೂ ಕೆಆರ್‌ಎಎಸ್‌ನಂಥ, ಕ್ಯಾನ್ಸರ್‌ಗೆ ನಂಟಿರೋ ಜೀನ್‌ಗಳ ಮ್ಯುಟೇಶನ್ (ಬದಲಾವಣೆ) ಸಿಕ್ಕಿತು. ತರಬೇತಿಯಲ್ಲಿ ಇದನ್ನ ಕ್ಯಾನ್ಸರ್ ಅಂತ ಹೇಳಿಬಿಡಬೇಡಿ, ಹೆದರಿಕೊಳ್ತಾರೆ. ಅಂಥವೇ ಮ್ಯುಟೇಶನ್‌ಗಳು ಆರೋಗ್ಯವಂತ ಗರ್ಭಕೋಶದ ಒಳಪದರದಲ್ಲೂ ಇವೆ. ಕೋಶಗಳು ಅಲ್ಲಿಂದಲೇ ಬಂದಿರಬಹುದು ಅನ್ನೋದಕ್ಕೆ ಅದು ಒಂದು ಸುಳಿವು.

ಅದೇ 2023ರಲ್ಲಿ ಜಪಾನಿನ ನಗೋಯಾ ತಂಡಕ್ಕೆ ರೋಗಿಗಳ ಗರ್ಭಕೋಶದ ಒಳಪದರದಲ್ಲಿ 64% ಮಂದಿಗೆ ಫ್ಯೂಸೊಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು, ಕಾಯಿಲೆ ಇಲ್ಲದವರಲ್ಲಿ 10%ಕ್ಕಿಂತ ಕಮ್ಮಿ. ಆ್ಯಂಟಿಬಯಾಟಿಕ್‌ನಿಂದ ಗಾಯ ಕಮ್ಮಿಯಾಗಿದ್ದು ಇಲಿಗಳಲ್ಲಿ. ಅದನ್ನ ಓದಿ ಯಾರೂ ಅಂಗಡಿಯಿಂದ ಮೆಟ್ರೊನಿಡಜೋಲ್‌ನಂಥ ಆ್ಯಂಟಿಬಯಾಟಿಕ್ ತಂದು ನುಂಗಬಾರದು. ಈ ಸಾಲನ್ನ ಪಾಠದಲ್ಲಿ ದಪ್ಪಕ್ಷರದಲ್ಲಿ ಹಾಕಿ.

ತುಂಗಾತೀರ:

ತುಂಬಾ ಉಪಕಾರ. ಗರ್ಭಕೋಶ ತೆಗೆಸುವ ಪ್ರಶ್ನೆ ಉಳಿಯಿತು.

ಸ್ಲೈಡ್‌ಪೆಟ್ಟಿಗೆ:

ಗರ್ಭಕೋಶ ತೆಗೆದರೆ ಹಿಂದಕ್ಕೆ ಹರಿಯುವ ರಕ್ತ ನಿಲ್ಲುತ್ತದೆ, ಈಗಾಗಲೇ ಬೇರೂರಿದ್ದು ಹೋಗುವುದಿಲ್ಲ. ಕರುಳಿನ ಮೇಲೆ, ಮೂತ್ರನಾಳದ ಬಳಿ ಗಂಟು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು, ಮೂತ್ರನಾಳ ಒತ್ತಿ ಕಿಡ್ನಿಯೂ ಸದ್ದಿಲ್ಲದೆ ಹಾಳಾಗಬಹುದು. ಆಪರೇಷನ್‌ಗೆ ಮುಂಚೆ ಕೇಳಬೇಕಾದ್ದು: ಟ್ರಾನ್ಸ್‌ವಜೈನಲ್ ಸ್ಕ್ಯಾನ್ ಅಥವಾ ಎಂಆರ್‌ಐಯಲ್ಲಿ ಆಳದ ಗಂಟು ಹುಡುಕಿದ್ದಾರೆಯೇ? ಕಂಡ ಗಾಯಗಳನ್ನೆಲ್ಲ ಅದೇ ಸಲ ತೆಗೆಯುತ್ತಾರೆಯೇ? ಅಂಡಾಶಯ ಉಳಿಸುತ್ತಾರೆಯೇ? ಡೈನೊಜೆಸ್ಟ್ 2 ಮಿಲಿಗ್ರಾಂನಂಥ ಹಾರ್ಮೋನ್ ಮಾತ್ರೆ ಪ್ರಯತ್ನಿಸಿ ಆಗಿದೆಯೇ? ಸ್ಕ್ಯಾನ್ ಸರಿಯಿದೆ ಅಂದಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ, ಪೊರೆಯ ಮೇಲ್ಮೈ ಗಾಯ ಅದರಲ್ಲಿ ಕಾಣದೇ ಹೋಗಬಹುದು.

ಅಂಡಾಶಯಗಳನ್ನೂ ತೆಗೆದಿದ್ದರೆ, ಮುಂದೆ ಹಾರ್ಮೋನ್ ಬದಲಿ ಚಿಕಿತ್ಸೆ ಕೊಡುವಾಗ ಬರೀ ಈಸ್ಟ್ರೊಜನ್ ಬೇಡ. ಗರ್ಭಕೋಶ ಇಲ್ಲದಿದ್ದರೂ ಜೊತೆಗೆ ಪ್ರೊಜೆಸ್ಟೊಜನ್ (ಒಳಪದರದ ಬೆಳವಣಿಗೆ ತಡೆಯುವ ಹಾರ್ಮೋನ್) ಇರಲಿ, ಏಕೆಂದರೆ ಉಳಿದ ಗಾಯ ಈಸ್ಟ್ರೊಜನ್‌ನಿಂದ ಮತ್ತೆ ಬೆಳೆಯಬಲ್ಲದು.